ಚೆಂಡು ಬಾರದಿದ್ದರೆ ಓಟವೂ ನಿಲ್ಲಬೇಕೆ? ಲೇಕರ್ಸ್ ಸೆಂಟರ್ ಏಟನ್ ಸುತ್ತಲಿನ ಗೊಂದಲ

ಲಾಸ್ ಏಂಜಲಿಸ್‌ನಲ್ಲಿ ರಾತ್ರಿ ಏಳೂವರೆಗೆ ಶುರುವಾಗುವ ಎನ್‌ಬಿಎ (ಅಮೆರಿಕದ ಬ್ಯಾಸ್ಕೆಟ್‌ಬಾಲ್ ಲೀಗ್) ಪಂದ್ಯ ಚಳಿಗಾಲದಲ್ಲಿ ನಮಗೆ ಬೆಳಿಗ್ಗೆ 9 ಗಂಟೆಗೆ ಬರುತ್ತದೆ. ರಾಯಚೂರಿನಲ್ಲಿ ಅದು ಮಂಡಕ್ಕಿ ಒಗ್ಗರಣೆ, ಮಿರ್ಚಿ ತಿಂದು ಕಾಲೇಜಿಗೆ, ಕೆಲಸಕ್ಕೆ ಹೊರಡುವ ಹೊತ್ತು. ಹೀಗಾಗಿ ಬ್ಯಾಸ್ಕೆಟ್‌ಬಾಲ್ ಇಷ್ಟಪಡುವ ಹುಡುಗರಲ್ಲೂ ಪೂರ್ತಿ ಪಂದ್ಯ ನೋಡುವವರು ಕಡಿಮೆ. ಮಧ್ಯಾಹ್ನ ಬಿಡುವಾದಾಗ ಮೊಬೈಲಿನಲ್ಲಿ ಸ್ಕೋರು, ಐದಾರು ನಿಮಿಷದ ಹೈಲೈಟ್ಸ್ ನೋಡುತ್ತಾರೆ. ಗೊಂದಲ ಹುಟ್ಟುವುದು ಅಲ್ಲೇ.

ಲಾಸ್ ಏಂಜಲಿಸ್‌ನ ಲೇಕರ್ಸ್ ತಂಡದ ಸೆಂಟರ್ (ಬುಟ್ಟಿಯ ಹತ್ತಿರ ಆಡುವ ಎತ್ತರದ ಆಟಗಾರ) ಡಿಆಂಡ್ರೆ ಏಟನ್ ಹೆಸರಿನ ಮುಂದೆ ಎಷ್ಟೋ ಸಲ ಒಳ್ಳೆಯ ಅಂಕಿಗಳೇ ಕಾಣುತ್ತವೆ. ಹೈಲೈಟ್ಸ್‌ನಲ್ಲಿ ಒಂದೆರಡು ಜೋರಾದ ಡಂಕ್ (ಹಾರಿ ಚೆಂಡನ್ನು ಬುಟ್ಟಿಗೆ ತುರುಕುವುದು) ಕೂಡ ಇರುತ್ತವೆ. ಆದರೆ ಸುದ್ದಿ ಓದಿದರೆ ‘ಮನಸ್ಸಿಟ್ಟು ಆಡುತ್ತಿಲ್ಲ’ ಎಂಬ ದೂರು. ಅದರ ಕೆಳಗೇ ಇನ್ನೊಬ್ಬರು ‘ಅವರಿಗೆ ಚೆಂಡೇ ಕೊಡುವುದಿಲ್ಲ, ಏನು ಆಡಬೇಕು?’ ಎಂದು ಕೇಳುತ್ತಾರೆ. ಸ್ಕೋರು ನೋಡಿದವರಿಗೆ ಎರಡೂ ಅರ್ಥವಾಗುವುದಿಲ್ಲ. ಲೆಕ್ಕ ಚೆನ್ನಾಗೇ ಇದೆಯಲ್ಲ, ಮತ್ತೆ ಬೈಗುಳ ಯಾಕೆ?

ಈ ಜಗಳ ಲೇಕರ್ಸ್‌ನಲ್ಲಿ ಹುಟ್ಟಿದ್ದಲ್ಲ. ಏಟನ್ ಹೋದಲ್ಲೆಲ್ಲ ಅವರ ಹಿಂದೆಯೇ ಬಂದಿದೆ.

ಮೊದಲ ಆಯ್ಕೆ ಎಂಬ ಹೊರೆ

ಏಟನ್ ಬಹಾಮಾಸ್ ಎಂಬ ದ್ವೀಪದೇಶದವರು. ಎತ್ತರ ಸುಮಾರು 7 ಅಡಿ. ಎನ್‌ಬಿಎ ತಂಡಗಳು ವರ್ಷಕ್ಕೊಮ್ಮೆ ಹೊಸ ಆಟಗಾರರನ್ನು ಸರದಿಯಂತೆ ಆರಿಸಿಕೊಳ್ಳುತ್ತವೆ. ಇದಕ್ಕೆ ಡ್ರಾಫ್ಟ್ ಎನ್ನುತ್ತಾರೆ. 2018ರ ಡ್ರಾಫ್ಟ್‌ನಲ್ಲಿ ಫೀನಿಕ್ಸ್ ಸನ್ಸ್ ಎಲ್ಲರಿಗಿಂತ ಮೊದಲು ಕರೆದದ್ದು ಏಟನ್ ಹೆಸರನ್ನು. ಅದೇ ದಿನ ಮೂರನೆಯವರಾಗಿ ಆಯ್ಕೆಯಾದ ಹುಡುಗ ಲೂಕಾ ಡಾನ್ಚಿಚ್. ಅಂದಿನಿಂದ ಏಟನ್ ಏನು ಮಾಡಿದರೂ ಜನ ಡಾನ್ಚಿಚ್ ಪಕ್ಕದಲ್ಲಿಟ್ಟು ತೂಗುತ್ತಾರೆ. ಇದರಲ್ಲಿ ಏಟನ್ ಅವರ ತಪ್ಪೇನೂ ಇಲ್ಲ. ಆರಿಸಿದ್ದು ಸನ್ಸ್.

ಮೊದಲ ಎರಡು ಋತುಗಳಲ್ಲಿ ಅವರು ಪಂದ್ಯಕ್ಕೆ ಸರಾಸರಿ 16.3 ಮತ್ತು 18.2 ಅಂಕ ಗಳಿಸಿದರು. ರಿಬೌಂಡ್ (ಗುರಿ ತಪ್ಪಿ ಮರಳಿದ ಚೆಂಡು ಹಿಡಿಯುವುದು) ಹತ್ತರ ಮೇಲಿತ್ತು. ತಂಡ ಮಾತ್ರ ಸೋಲುತ್ತಲೇ ಇತ್ತು. 2020ರಲ್ಲಿ ಚೆಂಡು ಹಂಚಿ ಆಟ ನಡೆಸುವ ಅನುಭವಿ ಗಾರ್ಡ್ ಕ್ರಿಸ್ ಪಾಲ್ ಬಂದರು. ಆ ಋತುವಿನಲ್ಲಿ ಏಟನ್ ಸರಾಸರಿ 14.4ಕ್ಕೆ ಇಳಿಯಿತು. ಆದರೆ ಅವರ ಆಟದ ಅತ್ಯುತ್ತಮ ಕಾಲ ಅದೇ. ಸನ್ಸ್ 51 ಪಂದ್ಯ ಗೆದ್ದು ಫೈನಲ್ ತಲುಪಿತು. ಪ್ರಶಸ್ತಿಗಾಗಿ ನಡೆಯುವ ಕೊನೆಯ ಹಂತವಾದ ಪ್ಲೇಆಫ್‌ನ 22 ಪಂದ್ಯಗಳಲ್ಲಿ ಏಟನ್ ಸರಾಸರಿ 15.8 ಅಂಕ, 11.8 ರಿಬೌಂಡ್ ಪಡೆದರು. ಕ್ಲಿಪ್ಪರ್ಸ್ ಎದುರಿನ ಪಂದ್ಯವೊಂದರಲ್ಲಿ 0.9 ಸೆಕೆಂಡು ಉಳಿದಿದ್ದಾಗ ಜೇ ಕ್ರೌಡರ್ ಗೆರೆಯಾಚೆಯಿಂದ ಬುಟ್ಟಿಯ ಮೇಲಕ್ಕೆ ಚೆಂಡು ಎಸೆದರು. ಏಟನ್ ಹಾರಿ ಅದನ್ನು ಒಳಗೆ ತುರುಕಿದರು. ಸನ್ಸ್ 104-103ರಿಂದ ಗೆದ್ದಿತು.

ಅಂಕ ಇಳಿದ ವರ್ಷವೇ ಶ್ರಮ ಹೆಚ್ಚಾಗಿದ್ದು ಯಾಕೆ? ಈ ಪ್ರಶ್ನೆ ನೆನಪಿರಲಿ. ಉತ್ತರಕ್ಕೆ ಮುಂದೆ ಬರೋಣ.

ಮುರಿತ ಶುರುವಾಗಿದ್ದು ಫೈನಲ್ ನಂತರ. 2021ರ ಅಕ್ಟೋಬರ್‌ನಲ್ಲಿ ಅವರ ಜೊತೆಯ ಡಾನ್ಚಿಚ್, ಟ್ರೇ ಯಂಗ್ ಅಂಥವರು ಆಗಲೇ ದೊಡ್ಡ ಒಪ್ಪಂದಕ್ಕೆ ಸಹಿ ಹಾಕಿದ್ದರು. ಸನ್ಸ್ ಮಾತ್ರ ಏಟನ್‌ಗೆ ಅಂಥ ಒಪ್ಪಂದ ಕೊಡಲಿಲ್ಲ. 2021-22ರ ಆ ಋತುವಿನಲ್ಲಿ ತಂಡ 64 ಪಂದ್ಯ ಗೆದ್ದಿತು. ಪ್ಲೇಆಫ್‌ನಲ್ಲಿ ಡಾನ್ಚಿಚ್ ಆಡುತ್ತಿದ್ದ ಡಲ್ಲಾಸ್ ಎದುರು, ಸರಣಿ ನಿರ್ಧರಿಸುವ ಏಳನೇ ಪಂದ್ಯ ಬಂತು. ಅರ್ಧ ಆಟ ಮುಗಿದಾಗ ಸ್ಕೋರು 57-27. ಆ ಹೊತ್ತಿಗೆ ಡಾನ್ಚಿಚ್ ಒಬ್ಬರೇ 27 ಅಂಕ ಹೊಡೆದಿದ್ದರು, ಇಡೀ ಸನ್ಸ್ ತಂಡ ಗಳಿಸಿದ್ದಷ್ಟು. ಏಟನ್ ಆ ದಿನ ಆಡಿದ್ದು 17 ನಿಮಿಷ, ಗಳಿಸಿದ್ದು 5 ಅಂಕ. ಯಾಕೆ ಕೂರಿಸಿದಿರಿ ಎಂದು ಕೇಳಿದರೆ ಕೋಚ್ ಮಾಂಟಿ ವಿಲಿಯಮ್ಸ್ ಅದು ತಂಡದ ಒಳಗಿನ ವಿಷಯ ಎಂದಷ್ಟೇ ಹೇಳಿದರು. ಅದಾಗಿ ನಾಲ್ಕು ತಿಂಗಳಾದರೂ ತಾವು ಕೋಚ್ ಜೊತೆ ಮಾತಾಡಿಲ್ಲ ಎಂದು ಏಟನ್ ಸೆಪ್ಟೆಂಬರ್‌ನಲ್ಲಿ ಹೇಳಿದರು. ಈ ನಡುವೆ ಇಂಡಿಯಾನಾ ತಂಡ 4 ವರ್ಷಕ್ಕೆ ಸುಮಾರು 13.3 ಕೋಟಿ ಡಾಲರ್ ಕೊಡಲು ಮುಂದೆ ಬಂದಿತ್ತು. ಸನ್ಸ್ ಅಷ್ಟೇ ಹಣ ಕೊಟ್ಟು ಉಳಿಸಿಕೊಂಡಿತು. ತಾನಾಗಿ ಕೊಡದ ಹಣವನ್ನು ಬೇರೆಯವರು ಕೇಳಿದ ಮೇಲೆ ಕೊಟ್ಟಿತು. ಆಟಗಾರನ ಮನಸ್ಸಿಗೆ ಅದು ಹೇಗೆ ನಾಟಿರಬಹುದು ಎಂದು ಊಹಿಸುವುದು ಕಷ್ಟವಲ್ಲ.

2023ರ ಸೆಪ್ಟೆಂಬರ್‌ನಲ್ಲಿ ಏಟನ್ ಪೋರ್ಟ್‌ಲೆಂಡ್‌ಗೆ ಹೋದರು. ಅಲ್ಲಿ ತಂಡ ಹೊಸದಾಗಿ ಕಟ್ಟಿಕೊಳ್ಳುತ್ತಿತ್ತು, ಗೆಲುವು ಅಪರೂಪ. 2024ರಲ್ಲಿ ಆ ತಂಡ ಡೊನೊವನ್ ಕ್ಲಿಂಗನ್ ಎಂಬ ಇನ್ನೊಬ್ಬ ಎತ್ತರದ ಸೆಂಟರ್‌ನನ್ನು ಆರಿಸಿತು. 2024-25ರಲ್ಲಿ ಏಟನ್ ಆಡಿದ್ದು 40 ಪಂದ್ಯ ಮಾತ್ರ. 2025ರ ಬೇಸಿಗೆಯಲ್ಲಿ ಪೋರ್ಟ್‌ಲೆಂಡ್ ಒಪ್ಪಂದದ ಉಳಿದ ಹಣದಲ್ಲಿ ದೊಡ್ಡ ಪಾಲು ಕೊಟ್ಟು ಅವರನ್ನು ಬಿಟ್ಟುಕೊಟ್ಟಿತು. ಜುಲೈನಲ್ಲಿ ಅವರು ಲೇಕರ್ಸ್ ಸೇರಿದರು.

ಲೇಕರ್ಸ್‌ಗೆ ಇವರೇ ಯಾಕೆ?

ಲೇಕರ್ಸ್‌ಗೆ ಸೆಂಟರ್ ಇಲ್ಲದ ನೋವು ಚೆನ್ನಾಗಿ ಗೊತ್ತಿತ್ತು. 2025ರ ಫೆಬ್ರವರಿಯಲ್ಲಿ ಡಾನ್ಚಿಚ್ ಡಲ್ಲಾಸ್‌ನಿಂದ ಲೇಕರ್ಸ್‌ಗೆ ಬಂದಾಗ, ಅದೇ ವ್ಯವಹಾರದಲ್ಲಿ ಆಂಟನಿ ಡೇವಿಸ್ ಹೊರಟುಹೋದರು. ಬದಲಿಗೆ ಮಾರ್ಕ್ ವಿಲಿಯಮ್ಸ್ ಎಂಬ ಸೆಂಟರ್‌ನನ್ನು ತರಲು ಮಾಡಿದ ಒಪ್ಪಂದ ವೈದ್ಯಕೀಯ ಪರೀಕ್ಷೆಯ ನಂತರ ರದ್ದಾಯಿತು. ಪ್ಲೇಆಫ್‌ನಲ್ಲಿ ಮಿನೆಸೊಟ ಎದುರು ಲೇಕರ್ಸ್ 4-1ರಿಂದ ಸೋತಿತು. ಕೊನೆಯ ಪಂದ್ಯದಲ್ಲಿ ಎದುರಾಳಿ ಸೆಂಟರ್ ರೂಡಿ ಗೊಬೇರ್ 27 ಅಂಕ, 24 ರಿಬೌಂಡ್ ಬಾಚಿಕೊಂಡರು. ಅವರನ್ನು ತಡೆಯಬಲ್ಲ ಸೆಂಟರ್ ಲೇಕರ್ಸ್‌ನಲ್ಲಿ ಇರಲಿಲ್ಲ.

ಅಂಥ ತಂಡಕ್ಕೆ ಹತ್ತು ರಿಬೌಂಡ್ ಹಿಡಿಯುವ, ಫೈನಲ್ ಆಡಿದ ಸೆಂಟರ್ ಕಡಿಮೆ ಹಣಕ್ಕೆ ಸಿಕ್ಕರು. ಅದೂ ಚೆಂಡು ಹಂಚುವುದರಲ್ಲಿ ಜಗತ್ತಿನ ಮೊದಲ ಸಾಲಿನಲ್ಲಿರುವ ಡಾನ್ಚಿಚ್ ಜೊತೆ. ಕಾಗದದ ಮೇಲೆ ಇದಕ್ಕಿಂತ ಒಳ್ಳೆಯ ಜೋಡಿ ಇಲ್ಲ. ಆದರೂ ಒಂದು ದಿನ ಅವರು ಮೈದಾನ ತುಂಬಿಕೊಳ್ಳುತ್ತಾರೆ, ಇನ್ನೊಂದು ದಿನ ಇದ್ದಾರೋ ಇಲ್ಲವೋ ಗೊತ್ತಾಗುವುದಿಲ್ಲ.

ಸೆಂಟರ್ ಕೆಲಸ ಬದಲಾಗಿದೆ

ಹಿಂದೆ ಸೆಂಟರ್ ಅಂದರೆ ಬುಟ್ಟಿಗೆ ಬೆನ್ನು ಕೊಟ್ಟು ನಿಂತು, ಚೆಂಡು ತರಿಸಿಕೊಂಡು, ಎದುರಾಳಿಯನ್ನು ತಳ್ಳಿ ಹೊಡೆಯುವವನು. ಆಟ ಅವನ ಸುತ್ತ ತಿರುಗುತ್ತಿತ್ತು. ಎತ್ತರದ ಹುಡುಗರು ಇದನ್ನೇ ಕನಸು ಕಂಡು ಬೆಳೆದರು. ಏಟನ್ ಕೂಡ ಹಾಗೇ ಬೆಳೆದ ಆಟಗಾರ. ಅವರ ಕೈ ಮೃದು. ಹತ್ತು ಹನ್ನೆರಡು ಅಡಿ ದೂರದಿಂದ ತಿರುಗಿ ಹೊಡೆಯುವುದು ಅವರಿಗೆ ಇಷ್ಟ.

ಈಗ ಲೆಕ್ಕ ಬೇರೆ. ಮೂರು ಅಂಕದ ಗೆರೆ ಎನ್‌ಬಿಎಗೆ ಬಂದಿದ್ದು 1979-80ರಲ್ಲಿ. ಆಗ ಒಂದು ತಂಡ ಪಂದ್ಯಕ್ಕೆ ಮೂರು ಸಲವೂ ಅಲ್ಲಿಂದ ಹೊಡೆಯುತ್ತಿರಲಿಲ್ಲ. 2024-25ರಲ್ಲಿ ಅದು ಸರಾಸರಿ 37 ದಾಟಿದೆ. ಕಾರಣ ಸರಳ ಗಣಿತ. ಹತ್ತು ಅಡಿಯಿಂದ ನೂರು ಸಲ ಹೊಡೆದು 45 ಒಳಗೆ ಹೋದರೆ 90 ಅಂಕ. ಮೂರು ಅಂಕದ ಗೆರೆಯಾಚೆಯಿಂದ ನೂರರಲ್ಲಿ 36 ಹೋದರೂ 108 ಅಂಕ. ಬುಟ್ಟಿಯ ಪಕ್ಕದಲ್ಲೇ ಹಾರಿ ನೂರರಲ್ಲಿ 70 ಹಾಕಿದರೆ 140 ಅಂಕ. ಹಾಗಾಗಿ ಕೋಚ್‌ಗಳಿಗೆ ಸೆಂಟರ್ ಕಡೆಯಿಂದ ಬೇಕಿರುವುದು ಆ 140ರ ಹೊಡೆತ, 90ರದ್ದಲ್ಲ.

ಆ ಹೊಡೆತ ಹುಟ್ಟುವುದು ಪಿಕ್ ಅಂಡ್ ರೋಲ್ ಎಂಬ ಚಲನೆಯಿಂದ. ಚೆಂಡು ಹಿಡಿದ ಗಾರ್ಡ್‌ನ ಹಿಂದೆ ಬೀಳುವ ಎದುರಾಳಿಗೆ ಸೆಂಟರ್ ಗೋಡೆಯಂತೆ ಅಡ್ಡ ನಿಲ್ಲುತ್ತಾನೆ. ಇದು ಸ್ಕ್ರೀನ್. ಗಾರ್ಡ್ ತಪ್ಪಿಸಿಕೊಂಡ ತಕ್ಷಣ ಸೆಂಟರ್ ತಿರುಗಿ ಬುಟ್ಟಿಯತ್ತ ಜೋರಾಗಿ ಓಡುತ್ತಾನೆ. ಇದು ರೋಲ್. ನಮ್ಮ ಹಳ್ಳಿ ವಾಲಿಬಾಲ್ ನೋಡಿದವರಿಗೆ ಇದು ಹೊಸದಲ್ಲ. ಲಿಫ್ಟರ್ ಎತ್ತಿಕೊಟ್ಟ ಚೆಂಡನ್ನು ಸ್ಮ್ಯಾಷರ್ ಹಾರಿ ಹೊಡೆಯುವ ಹಾಗೆ, ಡಾನ್ಚಿಚ್ ಎತ್ತಿದ ಚೆಂಡನ್ನು ಏಟನ್ ಗಾಳಿಯಲ್ಲೇ ಹಿಡಿದು ತುರುಕಬೇಕು.

ವಾಲಿಬಾಲ್‌ನಲ್ಲಿ ಇನ್ನೊಂದು ಸಂಗತಿ ಇದೆ. ನಡುವಿನ ಆಟಗಾರ ಚೆಂಡು ಬಾರದಿದ್ದರೂ ಹೊಡೆಯುವವನಂತೆ ಹಾರುತ್ತಾನೆ. ಎದುರಿನ ಬ್ಲಾಕರ್ ಅವನ ಜೊತೆ ಹಾರುತ್ತಾನೆ. ಚೆಂಡು ಅಂಚಿನವನಿಗೆ ಹೋಗುತ್ತದೆ, ಅವನೆದುರು ಯಾರೂ ಇರುವುದಿಲ್ಲ. ಬ್ಯಾಸ್ಕೆಟ್‌ಬಾಲ್ ಸೆಂಟರ್‌ನ ರೋಲ್ ಕೂಡ ಹೆಚ್ಚು ಸಲ ಹೀಗೆಯೇ. ಅವನು ಓಡಿದ್ದರಿಂದ ಮೂಲೆಯಲ್ಲಿ ನಿಂತವನಿಗೆ ಜಾಗ ಸಿಗುತ್ತದೆ. ಅಂಕ ಮೂಲೆಯವನ ಹೆಸರಿಗೆ. ಓಡಿದವನ ಹೆಸರು ಸ್ಕೋರಿನಲ್ಲಿ ಬರುವುದೇ ಇಲ್ಲ.

ಕಾಲುವೆಯ ಕೊನೆಯ ಹೊಲ

ಏಟನ್ ಪರ ಮಾತಾಡುವವರ ವಾದ ಇಲ್ಲಿಂದ ಶುರುವಾಗುತ್ತದೆ. ರಾಯಚೂರು ಜಿಲ್ಲೆಯವರಿಗೆ ಇದನ್ನು ವಿವರಿಸುವ ಅಗತ್ಯವೇ ಇಲ್ಲ. ತುಂಗಭದ್ರಾ ಎಡದಂಡೆ ಕಾಲುವೆಯ ಉದ್ದ ಸುಮಾರು 227 ಕಿಲೋಮೀಟರ್. ಕೊಪ್ಪಳ ಜಿಲ್ಲೆ ದಾಟಿ, ಸಿಂಧನೂರು ದಾಟಿ, ಮಾನ್ವಿ, ಸಿರವಾರ, ರಾಯಚೂರು ಕಡೆ ಬರುವಷ್ಟರಲ್ಲಿ ನೀರು ಎಷ್ಟು ಉಳಿದಿರುತ್ತದೆ ಎಂಬುದೇ ಪ್ರತಿ ವರ್ಷದ ಪ್ರಶ್ನೆ. ಮೈಲ್ 104ರಲ್ಲಿ ಗೇಜ್ (ನೀರಿನ ಮಟ್ಟ) ಎಷ್ಟಿದೆ ಎಂದು ಕೊನೆ ಭಾಗದ ರೈತರು ಕೇಳುತ್ತಲೇ ಇರುತ್ತಾರೆ. ನೀರು ಬರುತ್ತದೆಂಬ ನಂಬಿಕೆ ಇಲ್ಲದಿದ್ದರೆ ಭತ್ತ ನಾಟಿ ಮಾಡಲು ಯಾರಿಗೆ ಧೈರ್ಯ ಬರುತ್ತದೆ?

ಸೆಂಟರ್ ಕೂಡ ಕೊನೆ ಭಾಗದವನೇ. 2025-26ರ ಲೇಕರ್ಸ್‌ನಲ್ಲಿ ಚೆಂಡು ಮೊದಲು ಡಾನ್ಚಿಚ್ ಕೈಗೆ, ನಂತರ ಆಸ್ಟಿನ್ ರೀವ್ಸ್ ಕೈಗೆ, ಲೆಬ್ರಾನ್ ಜೇಮ್ಸ್ ಕೈಗೆ. ಮೂವರೂ ತಾವೇ ಹೊಡೆಯಬಲ್ಲವರು. ಒಂದು ದಾಳಿಗೆ ಇರುವುದು 24 ಸೆಕೆಂಡು. ಸೆಂಟರ್‌ಗೆ ಎಷ್ಟೋ ಸಲ ಚೆಂಡು ಸಿಗುವುದು ಬೇರೆ ದಾರಿ ಮುಚ್ಚಿ, ನಾಲ್ಕೈದು ಸೆಕೆಂಡು ಉಳಿದಾಗ. ಬೆಳೆ ಒಣಗಿದ ಮೇಲೆ ಬಂದ ನೀರಿನ ಹಾಗೆ. ಆಗ ಅವನು ಅವಸರದಲ್ಲಿ ಹತ್ತು ಅಡಿಯಿಂದ ಹೊಡೆಯುತ್ತಾನೆ, ತಪ್ಪುತ್ತದೆ. ‘ಇವನಿಗೆ ಕೊಟ್ಟರೆ ಹಾಳು’ ಎಂಬ ಮಾತು ಬರುತ್ತದೆ. ಮುಂದಿನ ಸಲ ಇನ್ನೂ ಕಡಿಮೆ ಚೆಂಡು. ಎಂಟು ಸಲ ಸ್ಕ್ರೀನ್ ಹಾಕಿ, ಎಂಟು ಸಲ ಓಡಿ, ಒಮ್ಮೆಯೂ ಚೆಂಡು ಕಾಣದವನು ಒಂಬತ್ತನೇ ಸಲ ಅರ್ಧ ದಾರಿಯಲ್ಲಿ ನಡೆಯತೊಡಗುತ್ತಾನೆ. ಮನುಷ್ಯನ ಸ್ವಭಾವ ಅದು.

ಈಗ 2021ರ ಪ್ರಶ್ನೆಗೆ ಬರೋಣ. ಆ ವರ್ಷ ಏಟನ್‌ಗೆ ಅಂಕ ಕಡಿಮೆ, ಶ್ರಮ ಜಾಸ್ತಿ. ಕ್ರಿಸ್ ಪಾಲ್ ಪಕ್ಕದಲ್ಲಿ ಅವರಿಗೆ ಸಿಕ್ಕಿದ್ದು ಖಾತ್ರಿ. ಓಡಿದರೆ ಚೆಂಡು ಬರುತ್ತದೆ, ಸರಿಯಾದ ಎತ್ತರಕ್ಕೆ, ಸರಿಯಾದ ಕ್ಷಣಕ್ಕೆ ಬರುತ್ತದೆ ಎಂಬ ಖಾತ್ರಿ. ನೀರು ಕಡಿಮೆ ಇತ್ತು, ಆದರೆ ವಾರಬಂದಿ (ಸರದಿಯಂತೆ ನೀರು ಬಿಡುವುದು) ತಪ್ಪುತ್ತಿರಲಿಲ್ಲ. ರೈತರಿಗೂ ಬೇಕಿರುವುದು ಅದೇ ಅಲ್ವಾ? ಎಷ್ಟು ಬರುತ್ತದೆ ಎಂಬುದಕ್ಕಿಂತ ಯಾವಾಗ ಬರುತ್ತದೆ ಎಂದು ಗೊತ್ತಿರಬೇಕು.

ಹಾಗಾಗಿ ‘ಏಟನ್‌ಗೆ ಜಾಸ್ತಿ ಚೆಂಡು ಕೊಡಿ’ ಎಂಬ ವಾದ ಪೂರ್ತಿ ಸರಿಯಲ್ಲ. ಜಾಸ್ತಿ ಚೆಂಡು ಅಂದರೆ ಹಳೆಯ 90 ಅಂಕದ ಲೆಕ್ಕಕ್ಕೆ ಮರಳುವುದು. ಕೇಳಬೇಕಾದ್ದು ಬೇರೆ: ಪ್ರತಿ ಕ್ವಾರ್ಟರ್‌ನ (ಪಂದ್ಯದ ಕಾಲುಭಾಗದ) ಶುರುವಿನಲ್ಲೇ, ಎದುರಾಳಿ ಹೊಂದಿಕೊಳ್ಳುವ ಮೊದಲೇ, ಎರಡು ಮೂರು ನೇರ ಲಾಬ್‌ಗಳು, ಅಂದರೆ ಬುಟ್ಟಿಯ ಮೇಲಕ್ಕೆ ಎತ್ತಿಕೊಡುವ ಪಾಸ್‌ಗಳು. ಅಷ್ಟು ಕೋಚ್ ಜೆಜೆ ರೆಡಿಕ್ ಅವರ ಕೈಯಲ್ಲಿದೆ, ಡಾನ್ಚಿಚ್ ಕೈಯಲ್ಲಿದೆ.

ಮಳೆ ನೆಚ್ಚಿದ ಬೆಳೆ

ಆದರೆ ಈ ಹೋಲಿಕೆ ಒಂದು ಕಡೆ ಮುರಿಯುತ್ತದೆ. ಏಟನ್ ಮೇಲಿನ ಗಂಭೀರ ದೂರು ಇರುವುದೂ ಅಲ್ಲೇ.

ಕಾಲುವೆ ನೀರು ಬಾರದ ಹೊಲದಲ್ಲೂ ಜೋಳ ಬೆಳೆಯುತ್ತದೆ, ತೊಗರಿ ಬೆಳೆಯುತ್ತದೆ. ಸೆಂಟರ್ ಕೆಲಸದಲ್ಲೂ ಚೆಂಡು ಬೇಡದ ಭಾಗವೇ ದೊಡ್ಡದು. ಎದುರಾಳಿ ಹೊಡೆದ ತಕ್ಷಣ ಒಬ್ಬನನ್ನು ಹುಡುಕಿ, ಬೆನ್ನಿನಿಂದ ತಡೆದು, ಆಮೇಲೆ ರಿಬೌಂಡ್‌ಗೆ ಹಾರಬೇಕು. ಇದಕ್ಕೆ ಬಾಕ್ಸ್ ಔಟ್ ಎನ್ನುತ್ತಾರೆ. ನಮ್ಮ ಗಾರ್ಡ್‌ನಿಂದ ತಪ್ಪಿಸಿಕೊಂಡು ಬಂದ ಎದುರಾಳಿಯನ್ನು ಬುಟ್ಟಿಯ ಮುಂದೆ ನಿಲ್ಲಿಸಬೇಕು. ಚೆಂಡು ಕಳೆದುಕೊಂಡ ಕೂಡಲೇ ಹಿಂದಕ್ಕೆ ಓಡಬೇಕು. ‘ಎಡಕ್ಕೆ ಸ್ಕ್ರೀನ್ ಬರುತ್ತಿದೆ’ ಎಂದು ಜೊತೆಯವರಿಗೆ ಕೂಗಿ ಹೇಳಬೇಕು. ಇದ್ಯಾವುದಕ್ಕೂ ಡಾನ್ಚಿಚ್ ಪಾಸ್ ಬೇಕಿಲ್ಲ. ಕಾಲು ಮತ್ತು ಗಮನ ಇದ್ದರೆ ಸಾಕು.

ಇನ್ನೊಂದು ವ್ಯತ್ಯಾಸ ಇದಕ್ಕಿಂತ ದೊಡ್ಡದು. ಹೊಲ ಬೀಳುಬಿಟ್ಟ ರೈತನ ನಷ್ಟ ಅವನ ಮನೆಯದು. ಬುಟ್ಟಿಯ ಮುಂದಿನ ಜಾಗ ಬಿಟ್ಟ ಸೆಂಟರ್‌ನ ನಷ್ಟ ಉಳಿದ ನಾಲ್ವರದು. ಅವನು ಎರಡು ಹೆಜ್ಜೆ ತಡವಾಗಿ ಬಂದರೆ ಮೂಲೆಯಲ್ಲಿದ್ದವನು ಒಳಗೆ ನುಗ್ಗಿ ಸಹಾಯ ಮಾಡಬೇಕು. ಅವನು ಒಳಗೆ ಬಂದರೆ ಮೂಲೆ ಖಾಲಿ. ಎದುರಾಳಿ ಅಲ್ಲಿಗೆ ಪಾಸ್ ಮಾಡುತ್ತಾನೆ, ಮೂರು ಅಂಕ ಹೋಗುತ್ತದೆ. ಟಿವಿಯಲ್ಲಿ ತಪ್ಪು ಮೂಲೆಯವನದ್ದೆಂದೇ ಕಾಣುತ್ತದೆ. ಡ್ರೆಸ್ಸಿಂಗ್ ರೂಮಿನಲ್ಲಿ ಮಾತ್ರ ಎಲ್ಲರಿಗೂ ಗೊತ್ತಿರುತ್ತದೆ. ಜೊತೆ ಆಟಗಾರರ ನಂಬಿಕೆ ಹೋಗುವುದು ಇಂಥ ಕಡೆ. ನಂಬಿಕೆ ಹೋದರೆ ಚೆಂಡು ಬರುವುದೂ ಕಡಿಮೆಯಾಗುತ್ತದೆ. ಹೀಗೆ ಚೆಂಡು ಬಾರದ್ದಕ್ಕೆ ಓಟ ನಿಲ್ಲುತ್ತದೆ, ಓಟ ನಿಂತಿದ್ದಕ್ಕೆ ಚೆಂಡು ಬರುವುದಿಲ್ಲ.

ಸ್ಕೋರು ನೋಡಿ ಗೊಂದಲಗೊಂಡವರಿಗೆ ಉತ್ತರ ಇಲ್ಲಿದೆ. 14 ಅಂಕ, 10 ರಿಬೌಂಡ್ ಎಂಬುದು ಆದದ್ದರ ಲೆಕ್ಕ. ಆಗಬೇಕಿದ್ದು ಆಗದಿದ್ದರೆ ಅದಕ್ಕೆ ಕಾಲಂ ಇಲ್ಲ. ಫ್ರೀ ಥ್ರೋ, ಅಂದರೆ ಎದುರಾಳಿ ಫೌಲ್ ಮಾಡಿದಾಗ ಸಿಗುವ ಅಡ್ಡಿಯಿಲ್ಲದ ಹೊಡೆತ, ಒಂದು ಸಣ್ಣ ಸುಳಿವು ಕೊಡುತ್ತದೆ. ಏಟನ್ ಗಾತ್ರದವರು ಬುಟ್ಟಿಗೆ ನುಗ್ಗಿದರೆ ಎದುರಾಳಿಗಳು ಫೌಲ್ ಮಾಡಲೇಬೇಕು. ಆದರೆ ಅವರು ಮೊದಲಿನಿಂದಲೂ ಫ್ರೀ ಥ್ರೋ ಗೆರೆಗೆ ಹೋಗುವುದು ತುಂಬಾ ಕಡಿಮೆ. ನುಗ್ಗುವ ಬದಲು ದೂರದಿಂದ ಮೃದುವಾಗಿ ಹೊಡೆಯುತ್ತಾರೆ ಎಂಬುದಕ್ಕೆ ಇದು ಸಾಕ್ಷಿ. ಇದನ್ನು ಸೋಮಾರಿತನ ಎನ್ನುವುದು ಅನ್ಯಾಯ. ಮೈ ತಾಗುವ ಆಟಕ್ಕಿಂತ ಕೈ ಕುಶಲದ ಆಟ ಅವರಿಗೆ ಹಿಡಿಸುತ್ತದೆ, ಅಷ್ಟೇ. ಆದರೆ ರಕ್ಷಣೆಯಲ್ಲಿ ನಿಧಾನವಾಗುವುದಕ್ಕೆ ಈ ಸಮಾಧಾನ ಸಾಲದು. ಅಲ್ಲಿ ಹೊಣೆ ಅವರದೇ.

ಹೊವರ್ಡ್ ದಾರಿ

ಇದೇ ಲೇಕರ್ಸ್‌ನಲ್ಲಿ ಇದಕ್ಕೆ ಹಳೆಯ ಉದಾಹರಣೆ ಇದೆ. 2012-13ರಲ್ಲಿ ಡ್ವೈಟ್ ಹೊವರ್ಡ್ ಅಲ್ಲಿಗೆ ಬಂದಾಗ ಆ ಕಾಲದ ಅತ್ಯುತ್ತಮ ಸೆಂಟರ್ ಎನಿಸಿಕೊಂಡಿದ್ದರು. ಕೋಚ್ ಮೈಕ್ ಡಿಆಂಟೊನಿ ಅವರಿಗೆ ಪಿಕ್ ಅಂಡ್ ರೋಲ್ ಬೇಕಿತ್ತು. ಹೊವರ್ಡ್‌ಗೆ ಬುಟ್ಟಿಗೆ ಬೆನ್ನು ಕೊಟ್ಟು ಚೆಂಡು ತರಿಸಿಕೊಳ್ಳುವುದು ಬೇಕಿತ್ತು. ಒಂದೇ ವರ್ಷದಲ್ಲಿ ಅವರು ಬಿಟ್ಟು ಹೋದರು. ಹಲವು ತಂಡ ಸುತ್ತಿ 2019ರಲ್ಲಿ ಮತ್ತೆ ಲೇಕರ್ಸ್‌ಗೆ ಬಂದರು. ಈ ಸಲ ಬೆಂಚಿನಿಂದ ಬಂದು ಸ್ಕ್ರೀನ್ ಹಾಕುವುದು, ರಿಬೌಂಡ್ ಹಿಡಿಯುವುದು, ಎದುರಾಳಿ ಸೆಂಟರ್‌ಗೆ ಕಾಟ ಕೊಡುವುದು ಇಷ್ಟೇ ಕೆಲಸ. ಸರಾಸರಿ 7.5 ಅಂಕ. 2020ರಲ್ಲಿ ಲೇಕರ್ಸ್ ಚಾಂಪಿಯನ್ ಆಯಿತು.

ಅದಕ್ಕೆ ಹೊವರ್ಡ್‌ಗೆ ಏಳು ವರ್ಷ ಹಿಡಿಯಿತು. ಆ ಹೊತ್ತಿಗೆ ವಯಸ್ಸು 33 ದಾಟಿತ್ತು. ಏಟನ್ ಹುಟ್ಟಿದ್ದು 1998ರಲ್ಲಿ. ಇನ್ನೂ ತಾನು ಮುಖ್ಯ ಆಟಗಾರ ಎಂದು ನಂಬುವ ವಯಸ್ಸು ಇದು.

ಮುಂದೆ ಏನಾಗಬಹುದು

ಮೊದಲ ಪರಿಣಾಮ ಡಾನ್ಚಿಚ್ ಮೇಲೆ. ಸೆಂಟರ್ ಜೋರಾಗಿ ರೋಲ್ ಮಾಡದಿದ್ದರೆ ಎದುರಾಳಿಗಳು ಅವನನ್ನು ಬಿಟ್ಟು ಇಬ್ಬರು ಸೇರಿ ಡಾನ್ಚಿಚ್ ಮೇಲೆ ಬೀಳುತ್ತಾರೆ. ಅವರು ಚೆಂಡನ್ನು ಹೆಚ್ಚು ಹೊತ್ತು ಹಿಡಿಯಬೇಕಾಗುತ್ತದೆ. ಸುಸ್ತು ಹೆಚ್ಚುತ್ತದೆ. ರಕ್ಷಣೆ ಮೊದಲೇ ಅವರ ಬಲವಲ್ಲ, ಸುಸ್ತಾದರೆ ಇನ್ನೂ ಸೋರುತ್ತದೆ. ಸೋರಿದ್ದನ್ನು ಬುಟ್ಟಿಯ ಮುಂದೆ ತಡೆಯಬೇಕಾದವರು ಮತ್ತೆ ಏಟನ್.

ಎರಡನೆಯದು ನಾಲ್ಕನೇ ಕ್ವಾರ್ಟರ್. ಬಿಗಿಯಾದ ಪಂದ್ಯದ ಕೊನೆಯಲ್ಲಿ ಯಾರು ಆಡುತ್ತಾರೆ ಎಂಬುದೇ ಕೋಚ್‌ನ ನಿಜವಾದ ಅಭಿಪ್ರಾಯ. 2025-26ರ ತಂಡದ ಬೆಂಚಿನಲ್ಲಿದ್ದ ಇನ್ನೊಬ್ಬ ಸೆಂಟರ್ ಜಾಕ್ಸನ್ ಹೇಸ್. ಕೌಶಲ್ಯದಲ್ಲಿ ಏಟನ್ ಹತ್ತಿರಕ್ಕೂ ಬರುವುದಿಲ್ಲ. ಆದರೆ ಓಡುತ್ತಾರೆ, ಹಾರುತ್ತಾರೆ, ಚೆಂಡು ಕೇಳುವುದಿಲ್ಲ. ಏಟನ್ ಓಡದ ದಿನ ಕೋಚ್‌ಗೆ ಆಯ್ಕೆ ಸುಲಭ. ಆದರೆ ಕೂರಿಸಿದಷ್ಟೂ ಏಟನ್‌ಗೆ 2022ರ ಏಳನೇ ಪಂದ್ಯ ನೆನಪಾಗದೇ ಇರುತ್ತದೆಯೇ? ಆ ಸಲ ಕೋಚ್ ಕಾರಣ ಹೇಳಲಿಲ್ಲ, ಆಟಗಾರ ಮಾತು ಬಿಟ್ಟರು, ಸಂಬಂಧ ಮುರಿಯಿತು. ಕೂರಿಸುವುದಾದರೆ ಯಾಕೆ ಎಂದು ವಿಡಿಯೊ ತೋರಿಸಿ ಅಂದೇ ಹೇಳುವುದು ಒಳ್ಳೆಯದು. ಸನ್ಸ್‌ನಲ್ಲಿ ಆಗದೇ ಉಳಿದದ್ದು ಅದೇ.

ಮೂರನೆಯದು ಹಣ. 2025ರಲ್ಲಿ ಲೇಕರ್ಸ್ ಜೊತೆ ಮಾಡಿಕೊಂಡ ಒಪ್ಪಂದ ಎರಡು ವರ್ಷದ್ದು, ಒಟ್ಟು ಸುಮಾರು 1.66 ಕೋಟಿ ಡಾಲರ್. ಎರಡನೇ ವರ್ಷ ಉಳಿಯುವ ಅಥವಾ ಹೊರಗೆ ಹೋಗುವ ಆಯ್ಕೆ ಏಟನ್ ಕೈಯಲ್ಲಿದೆ. ಹಿಂದಿನ ಒಪ್ಪಂದದಲ್ಲಿ ಒಂದೊಂದು ವರ್ಷಕ್ಕೇ ಮೂರು ಕೋಟಿ ಡಾಲರ್ ದಾಟುತ್ತಿತ್ತು. ಮತ್ತೆ ಆ ಮಟ್ಟಕ್ಕೆ ಹತ್ತಬೇಕಾದರೆ ಅಂಕ ತೋರಿಸಿದರೆ ಸಾಲದು. ಅವರು 16, 18 ಅಂಕ ಗಳಿಸಬಲ್ಲರು ಎಂದು ಎಲ್ಲ ತಂಡಗಳಿಗೂ ಏಳು ವರ್ಷದಿಂದ ಗೊತ್ತು. ಅಷ್ಟು ಗೊತ್ತಿದ್ದೂ 2025ರಲ್ಲಿ ಅವರಿಗೆ ಸಿಕ್ಕಿದ್ದು ವರ್ಷಕ್ಕೆ 80 ಲಕ್ಷ ಡಾಲರ್ ಆಸುಪಾಸು. ತಂಡಗಳು ಈಗ ನೋಡುವುದು ಚೆಂಡು ಬಾರದ ರಾತ್ರಿಗಳ ವಿಡಿಯೊವನ್ನು. ಮೂರನೇ ಕ್ವಾರ್ಟರ್‌ನ ನಡುವೆ, ಐದು ನಿಮಿಷದಿಂದ ಕೈಗೆ ಚೆಂಡು ತಾಗದಿದ್ದಾಗ, ಎದುರಾಳಿಯ ಹೊಡೆತ ರಿಂಗಿಗೆ ಬಡಿದು ಮೇಲೇಳುವಾಗ ಏಟನ್ ಬೆನ್ನು ಯಾರಿಗೆ ತಾಗಿತ್ತು ಎಂಬುದನ್ನು.